ರಕ್ಷಣಾ ಮಂತ್ರಗಳ ಸಮತೋಲನ

ಫ್ಯಾಂಟಸಿ ಬಗೆಯ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪಾತ್ರವೊಂದು ತನ್ನನ್ನೋ ಸಂಗಡಿಗರನ್ನೋ ಕತ್ತಿಯ ಪೆಟ್ಟು, ಬಾಣ, ಬೆಂಕಿ, ವಶೀಕರಣ ಮೊದಲಾದವುಗಳಿಂದ ಕಾಪಾಡಲು ಬಳಸುವ ಮಂತ್ರಗಳೇ ರಕ್ಷಣಾ ಮಂತ್ರಗಳು. ಅವುಗಳಿಗೆ ಎಷ್ಟು ಬಲವಿರಬೇಕು, ಆ ಬಲಕ್ಕೆ ಪ್ರತಿಯಾಗಿ ಆಟಗಾರ ಏನನ್ನು ಬಿಟ್ಟುಕೊಡಬೇಕು, ಒಂದರ ಮೇಲೊಂದು ರಕ್ಷಣೆಯನ್ನು ಎಷ್ಟರಮಟ್ಟಿಗೆ ಹೇರಿಕೊಳ್ಳಬಹುದು ಎಂಬುದನ್ನು ಗೊತ್ತುಪಡಿಸುವ ನಿಯಮರಚನೆಯನ್ನು ಸಮತೋಲನ ಎನ್ನಲಾಗುತ್ತದೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಿಂದ ಅದರ 2024ರ ಪರಿಷ್ಕರಣದವರೆಗೆ ಈ ನಿಯಮಗಳು ಮತ್ತೆ ಮತ್ತೆ ಬದಲಾಗಿವೆ. ಮಂತ್ರದ ಅಂಕ ಹೆಚ್ಚಿತೇ ಕಡಿಮೆಯಾಯಿತೇ ಎಂದಷ್ಟೇ ನೋಡಿದರೆ ಈ ಬದಲಾವಣೆಗಳ ಅರ್ಥ ಸಿಗುವುದಿಲ್ಲ. ಅದೇ ಅಂಕಕ್ಕೆ ಯಾವ ಬೆಲೆ ಕಟ್ಟಲಾಯಿತು ಎಂಬುದರಲ್ಲಿ ಇಡೀ ಇತಿಹಾಸ ಅಡಗಿದೆ.

ಆಟದ ಚೌಕಟ್ಟು

ಕೆಲವು ಮಂದಿ ಮೇಜಿನ ಸುತ್ತ ಕೂತು ಆಡುವ ಆಟವಿದು. ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆಯ ಲೋಕವನ್ನೂ ಶತ್ರುಗಳನ್ನೂ ನಡೆಸುತ್ತಾರೆ; ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಕಾಳಗದಲ್ಲಿ ಹೊಡೆಯುವವರು ಇಪ್ಪತ್ತು ಮುಖದ ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ತಮ್ಮ ಪಾತ್ರದ ದಾಳಿಯ ಅಂಕ ಕೂಡಿಸುತ್ತಾರೆ. ಮೊತ್ತವು ಎದುರಾಳಿಯ ಆರ್ಮರ್ ಕ್ಲಾಸ್ ಎಂಬ ರಕ್ಷಣಾಂಕವನ್ನು ಮುಟ್ಟಿದರೆ ಅಥವಾ ದಾಟಿದರೆ ಪೆಟ್ಟು ತಗಲುತ್ತದೆ. ತಗಲಿದ ಪೆಟ್ಟು ಹಿಟ್ ಪಾಯಿಂಟ್‌ಗಳನ್ನು ಕಳೆಯುತ್ತದೆ. ಬೆಂಕಿಯುಂಡೆ, ವಶೀಕರಣದಂಥವಕ್ಕೆ ಗುರಿಯಾದವರು ಸೇವಿಂಗ್ ಥ್ರೋ ಎಂಬ ಇನ್ನೊಂದು ದಾಳ ಉರುಳಿಸಿ ತಪ್ಪಿಸಿಕೊಳ್ಳಲು ನೋಡುತ್ತಾರೆ.

ರಕ್ಷಣಾ ಮಂತ್ರ ಈ ಸರಪಳಿಯ ಯಾವ ಕೊಂಡಿಯನ್ನು ಹಿಡಿಯುತ್ತದೆ ಎಂಬುದರ ಮೇಲೆ ಅದರ ಬಗೆ ನಿಂತಿದೆ. ಮೇಜ್ ಆರ್ಮರ್, ಶೀಲ್ಡ್, ಶೀಲ್ಡ್ ಆಫ್ ಫೇತ್ ಮಂತ್ರಗಳು ಆರ್ಮರ್ ಕ್ಲಾಸನ್ನು ಏರಿಸಿ ಪೆಟ್ಟು ತಗಲುವ ಸಂಭವವನ್ನೇ ಇಳಿಸುತ್ತವೆ. ಸ್ಟೋನ್‌ಸ್ಕಿನ್‌ನಂಥವು ತಗಲಿದ ಪೆಟ್ಟಿನ ಹಾನಿಯನ್ನು ತಗ್ಗಿಸುತ್ತವೆ. ಮಿರರ್ ಇಮೇಜ್ ಮಾಂತ್ರಿಕನ ಪ್ರತಿರೂಪಗಳನ್ನು ಸೃಷ್ಟಿಸಿ ಶತ್ರುವಿನ ಗುರಿ ತಪ್ಪಿಸುತ್ತದೆ. ಪ್ರೊಟೆಕ್ಷನ್ ಫ್ರಮ್ ಈವಿಲ್ ದುಷ್ಟಶಕ್ತಿಗಳ ಹಿಡಿತಕ್ಕೆ ಮನಸ್ಸು ಸಿಗದಂತೆ ಕಾಯುತ್ತದೆ. ಕೌಂಟರ್‌ಸ್ಪೆಲ್ ಎದುರಾಳಿಯ ಮಂತ್ರವನ್ನು ಬಾಯಲ್ಲಿರುವಾಗಲೇ ತಡೆಯುತ್ತದೆ. ಪ್ರತಿಯೊಂದು ಬಗೆಗೂ ಅದರದೇ ಲೆಕ್ಕವಿದೆ. ಒಂದು ಬಗೆಗೆ ಹೊಂದುವ ಬೆಲೆ ಇನ್ನೊಂದಕ್ಕೆ ಹೊಂದುವುದಿಲ್ಲ.

ದಾಳದ ಲೆಕ್ಕ

ಇಪ್ಪತ್ತು ಮುಖದ ದಾಳದಲ್ಲಿ ಒಂದೊಂದು ಅಂಕಕ್ಕೂ ಶೇ. 5ರಷ್ಟು ತೂಕ. ಹಾಗಾಗಿ ಆರ್ಮರ್ ಕ್ಲಾಸ್‌ಗೆ 2 ಕೂಡಿಸುವ ಶೀಲ್ಡ್ ಆಫ್ ಫೇತ್, ಸಾಮಾನ್ಯ ಸಂದರ್ಭದಲ್ಲಿ ಹತ್ತು ದಾಳಿಗಳಲ್ಲಿ ಸರಾಸರಿ ಒಂದನ್ನು ತಡೆಯುತ್ತದೆ. ಆದರೆ ಈ ಸರಳ ಲೆಕ್ಕದ ಹಿಂದೆ ಸಮತೋಲನದ ಅತಿ ದೊಡ್ಡ ತೊಡಕು ಇದೆ: ರಕ್ಷಣೆ ಹೆಚ್ಚಿದ್ದವರಿಗೇ ಮುಂದಿನ ಅಂಕ ಹೆಚ್ಚು ಉಪಕಾರ ಮಾಡುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿಯ ಶೀಲ್ಡ್ ಮಂತ್ರವನ್ನೇ ತೆಗೆದುಕೊಳ್ಳಬಹುದು. ಅದು ಆರ್ಮರ್ ಕ್ಲಾಸ್‌ಗೆ 5 ಕೂಡಿಸುತ್ತದೆ. ಶತ್ರುವಿನ ದಾಳಿಯ ಅಂಕ 7 ಎಂದುಕೊಳ್ಳೋಣ. ಆರ್ಮರ್ ಕ್ಲಾಸ್ 13 ಇರುವ ಮಾಂತ್ರಿಕನಿಗೆ ಪೆಟ್ಟು ತಗಲುವ ಸಂಭವ ಶೇ. 75, ಮಂತ್ರ ಹಾಕಿದರೆ ಶೇ. 50. ಅಂದರೆ ಮೂರರಲ್ಲಿ ಒಂದು ಪೆಟ್ಟು ತಪ್ಪಿತು. ಆರ್ಮರ್ ಕ್ಲಾಸ್ 18 ಇದ್ದರೆ ಶೇ. 50 ಇದ್ದದ್ದು ಶೇ. 25ಕ್ಕೆ ಇಳಿಯುತ್ತದೆ; ಪೆಟ್ಟುಗಳು ಅರ್ಧಕ್ಕೆ ಬಂದವು. ಆರ್ಮರ್ ಕ್ಲಾಸ್ 21 ಇದ್ದವರಿಗೆ ಶೇ. 35 ಇದ್ದದ್ದು ಶೇ. 10 ಆಗುತ್ತದೆ, ಮೂರನೆಯ ಒಂದು ಪಾಲೂ ಉಳಿಯಲಿಲ್ಲ. ಮಂತ್ರ ಒಂದೇ, ಅದಕ್ಕೆ ತೆತ್ತ ಬೆಲೆ ಒಂದೇ, ಫಲ ಮಾತ್ರ ಬೇರೆ ಬೇರೆ. ಬಟ್ಟೆಯುಟ್ಟು ನಿಂತ ಮಾಂತ್ರಿಕನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮ ಲೋಹದ ಕವಚ ತೊಟ್ಟವರ ಕೈಸೇರಿದಾಗ ಸಮತೋಲನ ಕೆಡುವುದು ಇದೇ ಕಾರಣಕ್ಕೆ. ದಾಳದಲ್ಲಿ 20 ಬಿದ್ದರೆ ಯಾವ ರಕ್ಷಣೆಯಿದ್ದರೂ ಪೆಟ್ಟು ತಗಲುತ್ತದೆ ಎಂಬ ನಿಯಮ ಈ ಏರಿಕೆಗೆ ಕೊನೆಯ ತಡೆ.

ಎರಡನೆಯ ತೊಡಕು ಸಮಯದ್ದು. ಕಾಳಗದಲ್ಲಿ ಪ್ರತಿ ಸುತ್ತಿಗೂ ಪಾತ್ರಕ್ಕೆ ಸಿಗುವ ಅವಕಾಶಗಳು ಎಣಿಕೆಯವು. ರಕ್ಷಣೆಗೆ ಖರ್ಚಾದ ಸುತ್ತಿನಲ್ಲಿ ಶತ್ರುವಿಗೆ ಏನೂ ಆಗಿರುವುದಿಲ್ಲ. ಐದನೆಯ ಆವೃತ್ತಿಯ ಮೊದಲ ರೂಪದಲ್ಲಿದ್ದ ಬ್ಲೇಡ್ ವಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಸುತ್ತಿನ ಮುಖ್ಯ ಕ್ರಿಯೆಯನ್ನೇ ಕೊಟ್ಟರೆ ಮುಂದಿನ ಸರದಿ ಮುಗಿಯುವವರೆಗೆ ಆಯುಧಗಳ ಹಾನಿ ಅರ್ಧವಾಗುತ್ತಿತ್ತು. ಅದೇ ಕ್ರಿಯೆ ಕೊಟ್ಟು, ಯಾವ ಮಂತ್ರವೂ ಇಲ್ಲದೆ ಯಾರು ಬೇಕಾದರೂ ಡಾಡ್ಜ್ ಮಾಡಬಹುದಿತ್ತು. ಡಾಡ್ಜ್ ಮಾಡಿದವರ ಮೇಲೆ ದಾಳಿ ಮಾಡುವವರು ಎರಡು ದಾಳ ಉರುಳಿಸಿ ಕಡಿಮೆಯದನ್ನೇ ಹಿಡಿಯಬೇಕು. ಹೀಗಾಗಿ ಬ್ಲೇಡ್ ವಾರ್ಡ್ ಕಲಿಯುವುದರಿಂದ ಆಗುವ ಲಾಭ ತೀರ ಕಡಿಮೆ.

ಮೂರನೆಯದು ಆಟದ ವೇಗ. ಎರಡು ಪಕ್ಷಗಳಲ್ಲೂ ರಕ್ಷಣೆ ದಾಳಿಯನ್ನು ಮೀರಿದರೆ ಕಾಳಗ ಮುಗಿಯುವುದೇ ಇಲ್ಲ. ದಾಳ ಉರುಳುತ್ತದೆ, ಏನೂ ಆಗುವುದಿಲ್ಲ, ಸರದಿ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಬಹುತೇಕ ಆಟಗಳು ದಾಳಿಯನ್ನು ರಕ್ಷಣೆಗಿಂತ ಒಂದು ಕೈ ಮೇಲೆ ಇಟ್ಟಿರುತ್ತವೆ.

ಆರಂಭದ ಆವೃತ್ತಿಗಳು: ಅಭಾವವೇ ಬೆಲೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದ ಟಿಎಸ್‌ಆರ್ ಸಂಸ್ಥೆ 1974ರಲ್ಲಿ ಹೊರತಂದಿತು. ಅದರ ಕಾಳಗದ ಬೇರು 1971ರ ಚೈನ್‌ಮೇಲ್ ಎಂಬ ಯುದ್ಧದಾಟದಲ್ಲಿತ್ತು. ಮಂತ್ರಗಳ ಕಲ್ಪನೆಯಲ್ಲಿ ಜ್ಯಾಕ್ ವ್ಯಾನ್ಸ್ ಅವರ ಕಥೆಗಳ ಪ್ರಭಾವವಿತ್ತು: ಮಾಂತ್ರಿಕ ಮಂತ್ರವನ್ನು ಮೊದಲೇ ನೆನಪಿನಲ್ಲಿ ತುಂಬಿಕೊಳ್ಳಬೇಕು, ಪ್ರಯೋಗಿಸಿದೊಡನೆ ಅದು ನೆನಪಿನಿಂದ ಅಳಿಸಿಹೋಗುತ್ತದೆ.

ಈ ಏರ್ಪಾಟಿನಲ್ಲಿ ರಕ್ಷಣೆಯ ಬೆಲೆ ಅದರ ಅಭಾವದಲ್ಲೇ ಇತ್ತು. ಅನುಭವ ಹೆಚ್ಚಿದಂತೆ ಪಾತ್ರ ಏರುವ ಹಂತಗಳಲ್ಲಿ ಮೊದಲನೆಯದರಲ್ಲಿರುವ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅದು ಶತ್ರುಗಳ ಗುಂಪನ್ನೇ ಮಲಗಿಸುವ ಸ್ಲೀಪ್ ಆಗಬೇಕೇ, ತನ್ನನ್ನು ಕಾಯುವ ಪ್ರೊಟೆಕ್ಷನ್ ಫ್ರಮ್ ಈವಿಲ್ ಆಗಬೇಕೇ ಎಂಬುದನ್ನು ಅಪಾಯ ಕಾಣುವ ಮುಂಚೆಯೇ ನಿರ್ಧರಿಸಬೇಕಾಗಿತ್ತು. ಕವಚ ತೊಡುವಂತಿಲ್ಲದ, ಕೆಲವೇ ಹಿಟ್ ಪಾಯಿಂಟ್‌ಗಳ ಆ ಪಾತ್ರಕ್ಕೆ ರಕ್ಷಣೆ ಎಷ್ಟೇ ಅಗತ್ಯವಾಗಿದ್ದರೂ ಸ್ಲೀಪ್ ಬಿಟ್ಟುಕೊಡುವುದು ಕಷ್ಟವೇ.

1978ರ ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಆರ್ಮರ್ ಕ್ಲಾಸ್ ಕಡಿಮೆಯಾದಷ್ಟೂ ಉತ್ತಮ, ಕವಚವಿಲ್ಲದವರದು 10. ಅಲ್ಲಿನ ಶೀಲ್ಡ್ ಮಂತ್ರ ಅಂಕ ಕೂಡಿಸುತ್ತಿರಲಿಲ್ಲ, ಮಟ್ಟವನ್ನು ನಿಗದಿ ಮಾಡುತ್ತಿತ್ತು: ಕೈಯಿಂದ ಎಸೆದ ಆಯುಧಗಳೆದುರು ಆರ್ಮರ್ ಕ್ಲಾಸ್ 2, ಬಾಣದಂಥವುಗಳೆದುರು 3, ಉಳಿದವುಗಳೆದುರು 4. ಇದು ಜಾಣತನದ ನಿಯಮ. ಮೈಮೇಲೆ ಏನೂ ಇಲ್ಲದ ಮಾಂತ್ರಿಕನಿಗೆ ಅದು ಬಹುದೊಡ್ಡ ಆಸರೆ. ಆಗಲೇ 2 ಮುಟ್ಟಿದವರಿಗೆ ಅದರಿಂದ ಏನೂ ಸಿಗದು. ರಕ್ಷಣೆ ಬೇಕಾದವರಿಗೆ ಮಾತ್ರ ರಕ್ಷಣೆ ತಲುಪುವಂತೆ ನಿಯಮವೇ ನೋಡಿಕೊಂಡಿತ್ತು. ಐದನೆಯ ಆವೃತ್ತಿಯ ಮೇಜ್ ಆರ್ಮರ್ ಇಂದಿಗೂ ಇದೇ ದಾರಿಯಲ್ಲಿದೆ. ಅದು ಕವಚ ತೊಡದವರ ಆರ್ಮರ್ ಕ್ಲಾಸನ್ನು 13 ಮತ್ತು ಚುರುಕುತನದ ಅಂಕದ ಮೊತ್ತಕ್ಕೆ ತಂದು ನಿಲ್ಲಿಸುತ್ತದೆ.

ಪೂರ್ಣ ರಕ್ಷಣೆಯ ಸಮಸ್ಯೆ

ಹಳೆಯ ಆವೃತ್ತಿಗಳಲ್ಲಿ ಕೆಲವು ಮಂತ್ರಗಳು ಪೂರ್ಣ ರಕ್ಷಣೆ ಕೊಡುತ್ತಿದ್ದವು. ಪ್ರೊಟೆಕ್ಷನ್ ಫ್ರಮ್ ನಾರ್ಮಲ್ ಮಿಸೈಲ್ಸ್ ಹಾಕಿಕೊಂಡವರಿಗೆ ಸಾಮಾನ್ಯ ಬಾಣಗಳ ಮಳೆಯೇ ಸುರಿದರೂ ಏನೂ ಆಗದು. ಕರ್ಣನ ಕವಚ ಮೈಮೇಲಿರುವವರೆಗೆ ಕಥೆ ಮುಂದೆ ಸಾಗಲಾರದು, ಅದನ್ನು ಬೇಡಿ ಕಳಚಿಸಿಕೊಳ್ಳಲು ಇಂದ್ರನೇ ಬರಬೇಕು. ಪೂರ್ಣ ರಕ್ಷಣೆ ಡಂಜನ್ ಮಾಸ್ಟರನ್ನು ಇಂಥದೇ ಇಕ್ಕಟ್ಟಿಗೆ ತಳ್ಳುತ್ತದೆ. ರಕ್ಷಣೆಯನ್ನು ಸುಮ್ಮನೆ ಒಪ್ಪಿಕೊಂಡರೆ ಬಿಲ್ಲುಗಾರರ ಪಡೆಗೆ ಅರ್ಥವಿಲ್ಲ. ಪ್ರತಿ ಸಲವೂ ಮಂತ್ರ ಕಳಚುವ ಶತ್ರುವನ್ನು ತಂದರೆ ಆಟಗಾರರಿಗೆ ಮೋಸವಾದಂತೆ. 2000ದ ಮೂರನೆಯ ಆವೃತ್ತಿಯಲ್ಲಿ ಈ ಮಂತ್ರ ಪ್ರೊಟೆಕ್ಷನ್ ಫ್ರಮ್ ಆ್ಯರೋಸ್ ಆಯಿತು. ಪ್ರತಿ ಬಾಣದ ಹಾನಿಯಲ್ಲಿ 10 ಅಂಕವನ್ನು ಅದು ಹೀರುತ್ತದೆ. ಮಂತ್ರ ಹಾಕಿದವರ ಒಂದೊಂದು ಹಂತಕ್ಕೂ 10ರಂತೆ, ಗರಿಷ್ಠ 100 ಅಂಕ ಹೀರಿದ ಮೇಲೆ ಮುಗಿದುಹೋಗುತ್ತದೆ. ರಕ್ಷಣೆ ಸವೆಯುವ ವಸ್ತುವಾಯಿತು.

ಸ್ಟೋನ್‌ಸ್ಕಿನ್ ಮಂತ್ರದ ನಾಲ್ಕು ರೂಪಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. 1989ರ ಎರಡನೆಯ ಆವೃತ್ತಿಯಲ್ಲಿ ಅದು ದಾಳಿಗಳನ್ನು ಎಣಿಸುತ್ತಿತ್ತು: ನಾಲ್ಕು ಮುಖದ ದಾಳದಲ್ಲಿ ಬಿದ್ದಷ್ಟು, ಜೊತೆಗೆ ಮಾಂತ್ರಿಕನ ಪ್ರತಿ ಎರಡು ಹಂತಕ್ಕೆ ಒಂದು. ಒಂಬತ್ತನೆಯ ಹಂತದವನಿಗೆ ಐದರಿಂದ ಎಂಟು ದಾಳಿಗಳವರೆಗೆ ರಕ್ಷಣೆ. ದೈತ್ಯನ ಗದೆಯೂ ಒಂದು ದಾಳಿ, ಹುಡುಗನೊಬ್ಬ ಎಸೆದ ಕಲ್ಲೂ ಒಂದು ದಾಳಿ. ಬಲಿಷ್ಠ ಒಂಟಿ ಶತ್ರುವಿನೆದುರು ಅದು ಅಭೇದ್ಯ. ಸಣ್ಣಪುಟ್ಟ ಶತ್ರುಗಳ ಗುಂಪಿನೆದುರು ಕ್ಷಣದಲ್ಲಿ ಖಾಲಿ. ಬಳಸುವವರೆಗೆ ಕಾಯ್ದುಕೊಂಡೇ ಇರುತ್ತಿದ್ದುದರಿಂದ ಅದನ್ನು ಹಿಂದಿನ ದಿನವೇ ಹಾಕಿಟ್ಟುಕೊಳ್ಳಬಹುದಿತ್ತು. ಮೂರನೆಯ ಆವೃತ್ತಿಯ 2003ರ 3.5 ಪರಿಷ್ಕರಣದಲ್ಲಿ ಅದು ಪ್ರತಿ ಪೆಟ್ಟಿನಿಂದ 10 ಅಂಕ ಕಳೆಯುವ, ಗರಿಷ್ಠ 150 ಅಂಕದ, ಹಂತಕ್ಕೆ 10 ನಿಮಿಷ ಬಾಳುವ ಮಂತ್ರವಾಗಿತ್ತು. ಪ್ರತಿ ಸಲವೂ 250 ಚಿನ್ನದ ನಾಣ್ಯ ಬೆಲೆಯ ವಜ್ರದ ಪುಡಿ ಬೇಕು. 2014ರಲ್ಲಿ ಅದು ಮಾಂತ್ರಿಕವಲ್ಲದ ಆಯುಧಗಳ ಹಾನಿಯನ್ನು ಅರ್ಧಕ್ಕಿಳಿಸಿತು, ಆದರೆ ಮುಂದೆ ವಿವರಿಸುವ ಏಕಾಗ್ರತೆಯ ನಿಯಮಕ್ಕೆ ಮಾಂತ್ರಿಕನನ್ನು ಕಟ್ಟಿಹಾಕಿತು. ಮೇಲಿನ ಹಂತಗಳಲ್ಲಿ ಶತ್ರುಗಳ ಪೆಟ್ಟುಗಳೇ ಮಾಂತ್ರಿಕವಾಗಿರುವುದು ಹೆಚ್ಚಾದ್ದರಿಂದ, ಬೇಕಾದ ಹೊತ್ತಿಗೇ ಅದು ಕೈಕೊಡುತ್ತಿತ್ತು. 2024ರಲ್ಲಿ ಆ ಷರತ್ತನ್ನು ತೆಗೆದುಹಾಕಲಾಯಿತು.

ಮೂರನೆಯ ಆವೃತ್ತಿ: ರಾಶಿ ಬೀಳುವ ಅಂಕಗಳು

1997ರಲ್ಲಿ ಟಿಎಸ್‌ಆರ್ ಅನ್ನು ಕೊಂಡ ವಿಝರ್ಡ್ಸ್ ಆಫ್ ದಿ ಕೋಸ್ಟ್ 2000ದಲ್ಲಿ ಮೂರನೆಯ ಆವೃತ್ತಿ ತಂದಿತು. ಮಾಂಟಿ ಕುಕ್, ಜೊನಾಥನ್ ಟ್ವೀಟ್ ಮತ್ತು ಸ್ಕಿಪ್ ವಿಲಿಯಮ್ಸ್ ಅದರ ಪ್ರಮುಖ ರಚನಕಾರರು. ಆರ್ಮರ್ ಕ್ಲಾಸ್ ಈಗ ಮೇಲ್ಮುಖವಾಯಿತು, ಅಂದರೆ ಹೆಚ್ಚಿದಷ್ಟೂ ಉತ್ತಮ. ರಕ್ಷಣೆಯ ಅಂಕಗಳಿಗೆ ಜಾತಿಗಳನ್ನು ಗೊತ್ತುಮಾಡಲಾಯಿತು. ಒಂದೇ ಜಾತಿಯ ಎರಡು ಅಂಕಗಳು ಸಾಮಾನ್ಯವಾಗಿ ಕೂಡುವುದಿಲ್ಲ, ದೊಡ್ಡದಷ್ಟೇ ಲೆಕ್ಕಕ್ಕೆ. ಬೇರೆ ಬೇರೆ ಜಾತಿಯವು ಕೂಡುತ್ತವೆ.

ರಾಶಿ ಬೀಳುವುದನ್ನು ತಡೆಯಲು ತಂದ ಈ ನಿಯಮವೇ ರಾಶಿ ಹಾಕುವ ದಾರಿಯನ್ನೂ ತೋರಿಸಿತು. 3.5ರಲ್ಲಿ ಮೇಜ್ ಆರ್ಮರ್‌ನ 4 ಅಂಕ ಕವಚದ ಜಾತಿಯದು, ಶೀಲ್ಡ್‌ನ 4 ಗುರಾಣಿಯದು, ಬಾರ್ಕ್‌ಸ್ಕಿನ್‌ನ ಗರಿಷ್ಠ 5 ಮೈತೊಗಲಿನದು, ಶೀಲ್ಡ್ ಆಫ್ ಫೇತ್‌ನ ಗರಿಷ್ಠ 5 ಪೆಟ್ಟನ್ನು ಬದಿಗೆ ಸರಿಸುವ ದೈವಬಲದ್ದು, ಹೇಸ್ಟ್‌ನ 1 ಚುರುಕಾಗಿ ತಪ್ಪಿಸಿಕೊಳ್ಳುವುದರದು. ಐದಕ್ಕೂ ಜಾತಿ ಬೇರೆ. ಮೊತ್ತ 19, ಅಂದರೆ ಹೆಚ್ಚುಕಡಿಮೆ ಇಡೀ ದಾಳದಷ್ಟು. ಒಂದೊಂದರ ಆಯುಸ್ಸೂ ಬೇರೆ: ಮೇಜ್ ಆರ್ಮರ್ ಹಂತಕ್ಕೆ ಒಂದು ಗಂಟೆ, ಬಾರ್ಕ್‌ಸ್ಕಿನ್ ಹಂತಕ್ಕೆ ಹತ್ತು ನಿಮಿಷ, ಶೀಲ್ಡ್ ಹಂತಕ್ಕೆ ಒಂದು ನಿಮಿಷ, ಹೇಸ್ಟ್ ಹಂತಕ್ಕೆ ಒಂದು ಸುತ್ತು. ಕದ ತೆರೆಯುವ ಮುನ್ನ ಮಂತ್ರಗಳ ಪಟ್ಟಿ ಓದುವುದು, ನಡುವೆ ಶತ್ರು ಡಿಸ್ಪೆಲ್ ಮ್ಯಾಜಿಕ್ ಹಾಕಿದರೆ ಯಾವುದು ಉಳಿಯಿತು ಯಾವುದು ಹೋಯಿತು ಎಂದು ಒಂದೊಂದಕ್ಕೂ ದಾಳ ಉರುಳಿಸಿ ಮೊದಲಿಂದ ಕೂಡಿಸುವುದು ಆ ಕಾಲದ ಮೇಲಿನ ಹಂತಗಳ ಆಟದಲ್ಲಿ ಮಾಮೂಲಾಗಿತ್ತು. ಹೀಗೆ ಸಿದ್ಧವಾಗಿ ಬಂದವರನ್ನು ಮುಟ್ಟುವಂಥ ಶತ್ರು, ಸಿದ್ಧರಾಗದೆ ಬಂದವರನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತಾನೆ. ರಾಶಿ ಬೀಳುವ ರಕ್ಷಣೆಯ ನಿಜವಾದ ಹಾನಿ ಇಲ್ಲಿದೆ.

2003ರ ಪರಿಷ್ಕರಣ ಕೆಲವನ್ನು ತಗ್ಗಿಸಿತು. 2000ದ ಶೀಲ್ಡ್ ಒಂದು ಪಕ್ಕದ ದಾಳಿಗಳೆದುರು 7 ಅಂಕ ಕೊಡುತ್ತಿತ್ತು. ಅದನ್ನು ಎಲ್ಲ ದಿಕ್ಕಿಗೂ ಅನ್ವಯಿಸುವ 4 ಅಂಕಕ್ಕೆ ಇಳಿಸಲಾಯಿತು.

ನಾಲ್ಕನೆಯ ಮತ್ತು ಐದನೆಯ ಆವೃತ್ತಿ: ಕ್ಷಣ ಮತ್ತು ಏಕಾಗ್ರತೆ

2008ರ ನಾಲ್ಕನೆಯ ಆವೃತ್ತಿ ದಿನವಿಡೀ ಬಾಳುವ ರಕ್ಷಣೆಗಳನ್ನು ಬಹುಮಟ್ಟಿಗೆ ಕೈಬಿಟ್ಟಿತು. ಶೀಲ್ಡ್ ಅಲ್ಲಿ ಕಾಳಗಕ್ಕೊಮ್ಮೆ, ಪೆಟ್ಟು ಬೀಳುವ ಗಳಿಗೆಯಲ್ಲಿ ಎತ್ತುವ ಅಡ್ಡಗೈಯಾಯಿತು. ಈ ಕಲ್ಪನೆ 2014ರ ಐದನೆಯ ಆವೃತ್ತಿಯಲ್ಲೂ ಉಳಿಯಿತು. ಅದರೊಡನೆ ಇನ್ನೊಂದು ನಿಯಮ ಬಂತು: ಕಾನ್ಸಂಟ್ರೇಷನ್. ಬಹಳಷ್ಟು ದೀರ್ಘಾವಧಿ ಮಂತ್ರಗಳಿಗೆ ಏಕಾಗ್ರತೆ ಬೇಕು. ಒಬ್ಬರು ಏಕಕಾಲಕ್ಕೆ ಒಂದರ ಮೇಲಷ್ಟೇ ಏಕಾಗ್ರತೆ ಇಡಬಹುದು. ಪೆಟ್ಟು ತಿಂದಾಗಲೆಲ್ಲ ಸೇವಿಂಗ್ ಥ್ರೋ ಗೆಲ್ಲಬೇಕು. ಗೆಲ್ಲಬೇಕಾದ ಅಂಕ 10 ಅಥವಾ ತಗಲಿದ ಹಾನಿಯ ಅರ್ಧ, ಯಾವುದು ಹೆಚ್ಚೋ ಅದು. ದೇಹಬಲದ ಅಂಕ 2 ಇರುವ ಮಾಂತ್ರಿಕ ಸಣ್ಣ ಪೆಟ್ಟೊಂದನ್ನು ತಾಳಿಕೊಂಡು ಮಂತ್ರ ಉಳಿಸಿಕೊಳ್ಳುವ ಸಂಭವ ಶೇ. 65, ಅಂಥ ಮೂರು ಪೆಟ್ಟು ಬಿದ್ದರೆ ಸುಮಾರು ಶೇ. 27.

ಏಕಾಗ್ರತೆಯ ನಿಯಮ ಒಂದೇ ಏಟಿಗೆ ಹಲವು ಕೆಲಸ ಮಾಡಿತು. ರಾಶಿ ಹಾಕುವುದಕ್ಕೆ ಮಿತಿ ಬಂತು, ಲೆಕ್ಕದ ಹೊರೆ ಇಳಿಯಿತು, ಶತ್ರುಗಳಿಗೆ ಮಂತ್ರ ಮುರಿಯುವ ಸಹಜ ದಾರಿ ಸಿಕ್ಕಿತು. ಎಲ್ಲಕ್ಕಿಂತ ಮಿಗಿಲಾಗಿ ಆಟಗಾರರ ಮುಂದೆ ಆಯ್ಕೆಯೊಂದು ಬಂದು ನಿಂತಿತು: ಗೆಳೆಯನನ್ನು ಕಾಯಬೇಕೇ, ಶತ್ರುವನ್ನು ಕಟ್ಟಿಹಾಕಬೇಕೇ? ಆದರೆ ಈ ನಿಯಮ ಮಂತ್ರ ಹಾಕುವವರನ್ನು ಕಟ್ಟುತ್ತದೆ, ಪಡೆಯುವವರನ್ನಲ್ಲ. ಇಬ್ಬರು ಸಂಗಡಿಗರು ತಮ್ಮ ತಮ್ಮ ಏಕಾಗ್ರತೆಯನ್ನು ಒಬ್ಬ ಯೋಧನ ಮೇಲೇ ಸುರಿಯುವುದನ್ನು ಅದು ತಡೆಯದು. ಮಿರರ್ ಇಮೇಜ್‌ನಂತೆ ಏಕಾಗ್ರತೆ ಬೇಡದ ಮಂತ್ರಗಳಿಗೆ ಬೇಡಿಕೆ ಹೆಚ್ಚಿದ್ದೂ ಇದರಿಂದಲೇ.

ಶೀಲ್ಡ್ ಮಂತ್ರಕ್ಕೂ ಏಕಾಗ್ರತೆ ಬೇಡ. ಅದರ ಬೆಲೆ ಒಂದನೆಯ ಮಟ್ಟದ ಸ್ಪೆಲ್ ಸ್ಲಾಟ್ (ಎಣಿಕೆಯಷ್ಟೇ ಸಿಗುವ ಮಂತ್ರಪ್ರಯೋಗದ ಅವಕಾಶ) ಮತ್ತು ಆ ಸುತ್ತಿನ ರಿಯಾಕ್ಷನ್ (ಸುತ್ತಿಗೊಂದೇ ಸಿಗುವ ಪ್ರತಿಕ್ರಿಯೆಯ ಅವಕಾಶ). ಮೊದಲ ಹಂತದ ಮಾಂತ್ರಿಕನ ಬಳಿ ದಿನದ ಆರಂಭದಲ್ಲಿ ಎರಡೇ ಸ್ಲಾಟ್. ಒಂದು ಶೀಲ್ಡ್ ಎಂದರೆ ಅವುಗಳಲ್ಲಿ ಅರ್ಧ. ಹತ್ತನೆಯ ಹಂತದಲ್ಲಿ ಒಂದನೆಯ ಮಟ್ಟದ ದಾಳಿ ಮಂತ್ರಗಳು ಪೇಲವವಾಗಿರುತ್ತವೆ, ಶೀಲ್ಡ್‌ನ 5 ಅಂಕ ಮಾತ್ರ ಹಾಗೇ ಇರುತ್ತದೆ. ಹೀಗೆ ಮಂತ್ರದ ಬೆಲೆ ತಾನಾಗಿ ಅಗ್ಗವಾಗುತ್ತ ಹೋಗುತ್ತದೆ. ಲೋಹದ ಪೂರ್ಣ ಕವಚ ತೊಡಲು ಕಲಿತ ಮಾಂತ್ರಿಕನ ಲೆಕ್ಕ ಇನ್ನೂ ತೀಕ್ಷ್ಣ: ಕವಚದ 18, ಗುರಾಣಿಯ 2, ಮಂತ್ರದ 5, ಒಟ್ಟು 25. ದಾಳಿಯ ಅಂಕ 7 ಇರುವ ಶತ್ರುವಿಗೆ ಶೇ. 40 ಇದ್ದ ಅವಕಾಶ ಶೇ. 15ಕ್ಕೆ ಕುಸಿಯುತ್ತದೆ. ಅದೇ ಸುತ್ತಿನಲ್ಲಿ ಕೌಂಟರ್‌ಸ್ಪೆಲ್ ಹಾಕಲಾಗದು ಎಂಬ ರಿಯಾಕ್ಷನ್‌ನ ಕಟ್ಟುಪಾಡೇ ಇಲ್ಲಿ ಉಳಿದಿರುವ ನಿಜವಾದ ಬೆಲೆ. ಹದಿನೆಂಟನೆಯ ಹಂತದ ಮಾಂತ್ರಿಕ 2014ರ ನಿಯಮದಲ್ಲಿ ಶೀಲ್ಡನ್ನು ಸ್ಲಾಟ್ ಇಲ್ಲದೆಯೇ ಎಷ್ಟು ಸಲ ಬೇಕಾದರೂ ಹಾಕುವಂತೆ ಆಯ್ದುಕೊಳ್ಳಬಹುದಿತ್ತು. 2024ರ ಪರಿಷ್ಕರಣ ಆ ಸೌಲಭ್ಯವನ್ನು ಮುಖ್ಯ ಕ್ರಿಯೆ ಬೇಡುವ ಮಂತ್ರಗಳಿಗೆ ಸೀಮಿತಗೊಳಿಸಿ ಬಾಗಿಲು ಮುಚ್ಚಿತು. ಬ್ಲೇಡ್ ವಾರ್ಡ್ ಕೂಡ ಆಗಲೇ ಹೊಸದಾಯಿತು: ಈಗ ಅದು ಏಕಾಗ್ರತೆ ಇರುವವರೆಗೆ ಶತ್ರುಗಳ ದಾಳಿಯಿಂದ ನಾಲ್ಕು ಮುಖದ ದಾಳದಷ್ಟನ್ನು ಕಳೆಯುತ್ತದೆ.

ಇತರ ಆಟಗಳ ದಾರಿ

1978ರಲ್ಲಿ ಕೇಯೋಸಿಯಮ್ ಪ್ರಕಟಿಸಿದ ರೂನ್‌ಕ್ವೆಸ್ಟ್‌ನಲ್ಲಿ ಕವಚ ಪೆಟ್ಟನ್ನು ತಪ್ಪಿಸುವುದಿಲ್ಲ, ಅದರ ಹಾನಿಯನ್ನು ಹೀರುತ್ತದೆ. ಪ್ರೊಟೆಕ್ಷನ್ ಮಂತ್ರವೂ ಕವಚದ ಅಂಕಕ್ಕೇ ಕೂಡುತ್ತದೆ. ಆದ್ದರಿಂದ ಸಣ್ಣ ಪೆಟ್ಟುಗಳು ಪೂರ್ತಿ ನಿಲ್ಲುತ್ತವೆ, ದೊಡ್ಡ ಪೆಟ್ಟು ಸ್ವಲ್ಪ ತಗ್ಗಿ ಒಳನುಗ್ಗುತ್ತದೆ.

1987ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ ರಚಿಸಿದ ಆರ್ಸ್ ಮ್ಯಾಜಿಕಾ ರಕ್ಷಣೆಯನ್ನು ತನ್ನ ಲೋಕದ ಬುನಾದಿಯನ್ನಾಗಿಯೇ ಮಾಡಿಕೊಂಡಿತು. ಅಲ್ಲಿ ಬೊನಿಸಾಗಸ್ ಎಂಬ ಮಾಂತ್ರಿಕ ಪಾರ್ಮಾ ಮ್ಯಾಜಿಕಾ ಎಂಬ ರಕ್ಷಣಾವಿಧಿಯನ್ನು ಕಂಡುಹಿಡಿದ ಮೇಲಷ್ಟೇ ಒಬ್ಬರನ್ನೊಬ್ಬರು ಕಂಡರೆ ಅಂಜುತ್ತಿದ್ದ ಮಾಂತ್ರಿಕರು ಒಂದೆಡೆ ಕೂತು ಮಾತಾಡಲು, ಒಂದು ಸಂಘ ಕಟ್ಟಲು ಸಾಧ್ಯವಾಯಿತು. ಪ್ರತಿ ಸೂರ್ಯೋದಯ, ಸೂರ್ಯಾಸ್ತಕ್ಕೆ ಪಾರ್ಮಾ ಅಳಿಯುತ್ತದೆ, ಮತ್ತೆ ಮಾಡಿಕೊಳ್ಳಬೇಕು. ಅದು ಹಿತದ ಮಂತ್ರ ಅಹಿತದ ಮಂತ್ರ ಎಂದು ಭೇದ ಮಾಡದು. ಗೆಳೆಯನ ಉಪಕಾರ ಪಡೆಯಬೇಕಾದರೂ ರಕ್ಷಣೆಯನ್ನು ತಗ್ಗಿಸಬೇಕು. ನಂಬಿಕೆಯನ್ನೇ ಬೆಲೆಯಾಗಿ ಕೇಳುವ ಈ ನಿಯಮ ಕಥೆಗೂ ಆಟಕ್ಕೂ ಏಕಕಾಲಕ್ಕೆ ಒದಗುತ್ತದೆ.

2019ರ ಪಾತ್‌ಫೈಂಡರ್ ಎರಡನೆಯ ಆವೃತ್ತಿಯಲ್ಲಿ ದಾಳಿಯ ಮೊತ್ತ ಆರ್ಮರ್ ಕ್ಲಾಸನ್ನು 10ರಷ್ಟು ಮೀರಿದರೆ ಹಾನಿ ಇಮ್ಮಡಿ. ಹೀಗಾಗಿ ರಕ್ಷಣೆಯ ಒಂದೇ ಅಂಕ ಪೆಟ್ಟನ್ನೂ ತಪ್ಪಿಸಬಹುದು, ಇಮ್ಮಡಿ ಹಾನಿಯನ್ನೂ ತಪ್ಪಿಸಬಹುದು. ಅಲ್ಲಿನ ಶೀಲ್ಡ್ ಕೇವಲ 1 ಅಂಕ ಕೊಡುತ್ತದೆ. ಸುತ್ತಿನ ಮೂರು ಕ್ರಿಯೆಗಳಲ್ಲಿ ಒಂದನ್ನು ಕೇಳುತ್ತದೆ. ಅದರಿಂದ ಪೆಟ್ಟೊಂದನ್ನು ತಡೆದು ಹಾನಿ ಹೀರಿಸಿಕೊಂಡರೆ ಮುಂದಿನ ಹತ್ತು ನಿಮಿಷ ಆ ಮಂತ್ರವಿಲ್ಲ.

ಮೇಜಿನ ಬಳಿ

ಪುಸ್ತಕದ ನಿಯಮವೆಷ್ಟೇ ಚೊಕ್ಕವಾಗಿದ್ದರೂ ಸಮತೋಲನ ಕೊನೆಗೆ ರೂಪುಗೊಳ್ಳುವುದು ಮೇಜಿನ ಬಳಿಯ ರೂಢಿಯಲ್ಲಿ. ಆರ್ಮರ್ ಕ್ಲಾಸ್ 16 ಇರುವ ಮಾಂತ್ರಿಕನ ಮೇಲೆ ದಾಳಿ ತಗಲಿದೆ. “ಮೊತ್ತ 23” ಎಂದು ಡಂಜನ್ ಮಾಸ್ಟರ್ ಹೇಳಿಬಿಟ್ಟರೆ, 21 ಸಾಲದೆಂದು ತಿಳಿದ ಆಟಗಾರ ಶೀಲ್ಡನ್ನು ಉಳಿಸಿಕೊಳ್ಳುತ್ತಾನೆ. “19” ಎಂದರೆ ಖಂಡಿತ ಹಾಕುತ್ತಾನೆ. “ತಗಲಿತು” ಎಂದಷ್ಟೇ ಹೇಳಿದರೆ ಅದೇ ಮಂತ್ರ ಪಣವಾಗುತ್ತದೆ. ಮೊದಲ ರೂಢಿಯಲ್ಲಿ ಒಂದು ಸ್ಲಾಟೂ ವ್ಯರ್ಥವಾಗದು, ಎರಡನೆಯದರಲ್ಲಿ ಕೆಲವು ವ್ಯರ್ಥವಾಗುತ್ತವೆ. ದಿನಕ್ಕೆ ಎಷ್ಟು ಕಾಳಗ ಎಂಬುದೂ ಅಷ್ಟೇ ಮುಖ್ಯ. ಒಂದೇ ಕಾಳಗದ ದಿನದಲ್ಲಿ ಎಲ್ಲ ಸ್ಲಾಟ್‌ಗಳನ್ನೂ ರಕ್ಷಣೆಗೆ ಸುರಿಯಬಹುದು. ಐದಾರು ಕಾಳಗಗಳಿದ್ದರೆ ಪ್ರತಿಯೊಂದನ್ನೂ ತೂಗಿ ನೋಡಬೇಕು. ರಕ್ಷಣೆ ಮಿತಿ ಮೀರಿದೆ ಅನಿಸಿದಾಗ ಶತ್ರುಗಳ ದಾಳಿಯ ಅಂಕ ಏರಿಸುವುದು ಸುಲಭದ ದಾರಿ, ಆದರೆ ಕೆಟ್ಟ ದಾರಿ. ಅದರ ಪೆಟ್ಟು ರಕ್ಷಣೆಯಿಲ್ಲದ ಸಂಗಡಿಗರ ಮೇಲೇ ಬೀಳುತ್ತದೆ. ಬದಲಿಗೆ ಸೇವಿಂಗ್ ಥ್ರೋ ಕೇಳುವ ಅಪಾಯಗಳು, ಹಲವು ದಿಕ್ಕಿನಿಂದ ಬರುವ ಸಣ್ಣ ಶತ್ರುಗಳು, ರಿಯಾಕ್ಷನ್ ಅನ್ನು ಮೊದಲೇ ಖರ್ಚು ಮಾಡಿಸುವ ಸನ್ನಿವೇಶಗಳು ಹೆಚ್ಚು ನ್ಯಾಯವಾದವು.

ಮೌಲ್ಯಮಾಪನ

ಐವತ್ತು ವರ್ಷಗಳಲ್ಲಿ ರಚನಕಾರರು ರಕ್ಷಣೆಗೆ ಕಟ್ಟಿದ ಬೆಲೆಗಳು ಹಲವು: ನೆನಪಿನ ಜಾಗ, ವಜ್ರದ ಪುಡಿ, ಆಯುಸ್ಸಿನ ಮಿತಿ, ಅಂಕಗಳ ಜಾತಿ, ಏಕಾಗ್ರತೆ, ರಿಯಾಕ್ಷನ್, ಸುತ್ತಿನ ಕ್ರಿಯೆ. ಚಿನ್ನದ ಬೆಲೆ ಪಾತ್ರ ಶ್ರೀಮಂತವಾದೊಡನೆ ಮರೆತುಹೋಗುತ್ತದೆ. ಕೆಳಮಟ್ಟದ ಸ್ಲಾಟ್‌ನ ಬೆಲೆ ಹಂತ ಏರಿದಂತೆ ಕರಗುತ್ತದೆ. ಕಾಲದ ಪರೀಕ್ಷೆಯಲ್ಲಿ ಉಳಿದು ನಿಂತವು ಏಕಾಗ್ರತೆ, ರಿಯಾಕ್ಷನ್ ಮತ್ತು ಕ್ರಿಯೆ, ಏಕೆಂದರೆ ಮೊದಲ ಹಂತದವರಿಗೂ ಇಪ್ಪತ್ತನೆಯ ಹಂತದವರಿಗೂ ಅವು ಎಣಿಕೆಯವೇ. ಅಂಕವನ್ನು 5ರಿಂದ 4ಕ್ಕೆ ಇಳಿಸುವುದಕ್ಕಿಂತ, ಆ 5 ಅಂಕ ಪಡೆಯಲು ಆಟಗಾರ ಇನ್ನೊಂದು ಬೆಲೆಬಾಳುವ ಅವಕಾಶವನ್ನು ಕೈಬಿಡುವಂತೆ ಮಾಡುವುದು ಮೇಲು. ಒಳ್ಳೆಯ ರಕ್ಷಣಾ ಮಂತ್ರಕ್ಕೆ ಬಲವೂ ಇರಬೇಕು; ಪಾತ್ರ ಬದುಕಿ ಉಳಿದಾಗ ತನ್ನ ನಿರ್ಧಾರದಿಂದ ಉಳಿಯಿತು ಎಂಬ ತೃಪ್ತಿ ಆಟಗಾರರಿಗೆ ದಕ್ಕಬೇಕಾದರೆ ಅದು ಬೇಕೇಬೇಕು. ಆ ನಿರ್ಧಾರವನ್ನು ಪ್ರತಿ ಸಲವೂ ಹೊಸದಾಗಿ ಮಾಡಿಸುವ ಮಂತ್ರವೇ ಸಮತೋಲನದ ಮಂತ್ರ.